ಎಲ್ಲರ ಹಿಂದೆ ಬರುವ ಜೋಸಿಯಾನ್

ಜೋಸಿಯಾನ್ ಕೊರ್ತೆ ಮೂವತ್ತೆರಡು ವರ್ಷ ಶಾಂಪ್ಲೊ ಎಂಬ ಹಳ್ಳಿಯಲ್ಲಿ ಅಂಚೆ ಹಂಚಿದವಳು. ಮೊರ್ವಾನ್ ಬೆಟ್ಟಗಳಲ್ಲಿ ಅಂಚೆ ಹಂಚುವುದು ಹುಡುಗಾಟವಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಒಂದು ಕಚ್ಚುವ ನಾಯಿ ಇರಲೇಬೇಕೆಂದು ದೇವರೇ ಕಟ್ಟಳೆ ಮಾಡಿಟ್ಟಂತಿದೆ. ಹಳದಿ ವ್ಯಾನು ಹೋಗದ ಕಡೆ ಸೈಕಲ್ಲಿನಲ್ಲಿ, ಸೈಕಲ್ಲೂ ಹೋಗದ ಕಡೆ ಕಾಲ್ನಡಿಗೆಯಲ್ಲಿ ಹೋಗಿ ಅವಳು ಕಾಗದ ಮುಟ್ಟಿಸಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, ದಿನಕ್ಕೆ ಐವತ್ತು ಗಂಡಸರ ಬಾಗಿಲು ತಟ್ಟಿದ್ದು ಸಾಲದೇ ಎನ್ನುತ್ತಿದ್ದಳು.

ಅವಳ ಮೇಲೆ ಊರಿಗಿದ್ದ ದೂರು ಒಂದೇ, ಅದೂ ನಗುತ್ತ ಹೇಳುವಂಥದ್ದು. ಹಿಮ ಬಿದ್ದ ದಿನ ತೀರಾ ಎತ್ತರದ ಮನೆಗೆ ಪಾರ್ಸಲ್ಲಿದ್ದರೆ ಅವಳು ಗುಡ್ಡದ ಬುಡದಲ್ಲೇ ವ್ಯಾನು ನಿಲ್ಲಿಸಿ, ‘ಬಂದಿದ್ದೆ, ಯಾರೂ ಇರಲಿಲ್ಲ’ ಎಂಬ ಚೀಟಿ ತುಂಬಿ, ಕೆಳಗಿನ ಪೆಟ್ಟಿಗೆಗೆ ಹಾಕಿ ಹಿಂತಿರುಗುತ್ತಿದ್ದಳು. ಮನೆಯವರು ಮೇಲಿನ ಕಿಟಕಿಯಿಂದ ಅವಳ ವ್ಯಾನನ್ನು ನೋಡುತ್ತಲೇ ಇರುತ್ತಿದ್ದರು. ಮರುದಿನ ಕೇಳಿದರೆ ಮುಖ ಕೆಂಪಗೆ ಮಾಡಿಕೊಂಡು, ಪಾರ್ಸಲ್ಲಿನ ಜೊತೆ ಒಂದು ಬಾಟಲಿ ಜೇನು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು. ಮೂವತ್ತೆರಡು ವರ್ಷದಲ್ಲಿ ಹತ್ತು ಸಲ ಹಾಗೆ ಮಾಡಿದ್ದಾಳೋ ಇಲ್ಲವೋ. ಯಾರ ಮನೆಯೂ ಮುಳುಗಿಹೋಗಲಿಲ್ಲ.

ಊರಿನ ಹರೆಯದವರು ಕಾಡಿನಲ್ಲಿ ದಪ್ಪ ಟೈರಿನ ಸೈಕಲ್ ತುಳಿಯುವ ಸಂಘ ಕಟ್ಟಿದಾಗ, ಯಾವ ಜಾಡು ಎಲ್ಲಿಗೆ ಮುಟ್ಟುತ್ತದೆಂದು ಕೇಳಲು ಅವಳ ಅಡುಗೆಮನೆಗೇ ಬಂದರು. ಬಂದವರು ಅವಳನ್ನೂ ಎಳೆದುಕೊಂಡು ಹೋದರು. ಐವತ್ತೈದು ದಾಟಿದ ಮೇಲೆ ಜೋಸಿಯಾನ್ ಹಲ್ಲಿಗೆಲ್ಲ ಕೆಸರು ಮೆತ್ತಿಸಿಕೊಂಡು ಬೇರುಗಳ ಮೇಲೆ ಹಾರುತ್ತ ಇಳಿಜಾರು ಇಳಿಯುವುದನ್ನು ಕಲಿತಳು. ಮುದುಕಿಗೆ ಕೊಬ್ಬು ಎಂದವರೂ ಉಂಟು. ಅವರಲ್ಲಿ ಅರ್ಧ ಜನ ಈಗ ಮೊಣಕಾಲು ಹಿಡಿದುಕೊಂಡು ಕೂತಿದ್ದಾರೆ, ಅವಳು ಇನ್ನೂ ಗುಡ್ಡ ಹತ್ತುತ್ತಿದ್ದಾಳೆ.

ಮೇ ತಿಂಗಳ ಎರಡನೆಯ ಭಾನುವಾರ ಸಂಘದ ದೊಡ್ಡ ಸವಾರಿ. ಮುನ್ನೂರು ಜನ ಬರುತ್ತಾರೆ. ಪ್ರತಿಯೊಬ್ಬರ ಸೈಕಲ್ಲಿಗೂ ಒಂದು ನಂಬರಿನ ಫಲಕ. ತಿರುಗಿ ಬಂದವರು ಅದನ್ನು ಸಭಾಂಗಣದ ಹಲಗೆಯ ಮೊಳೆಗೆ ತೂಗುಹಾಕಿ, ಹಂದಿ ಕೊಬ್ಬಿನಲ್ಲಿ ಹುಯ್ದ ದಪ್ಪ ದೋಸೆ ತಿಂದು, ವೈನು ಕುಡಿದು ಮನೆಗೆ ಹೋಗುತ್ತಾರೆ. ಹಿಂದಿನ ದಿನ ಕಾಡಿನ ಉದ್ದಕ್ಕೂ ಮರಗಳಿಗೆ ಬಾಣದ ಗುರುತಿನ ಚೀಟಿ ಹೊಡೆದಿರುತ್ತದೆ. ಸವಾರಿ ಮುಗಿಯುವಷ್ಟರಲ್ಲಿ ಅವನ್ನೆಲ್ಲ ಕಿತ್ತಿರಬೇಕು, ಒಂದು ಉಳಿದರೂ ಕಾಡಿನ ಒಡೆಯರು ಮುಂದಿನ ವರ್ಷ ದಾರಿ ಬಿಡುವುದಿಲ್ಲ. ಆದ್ದರಿಂದ ಎಲ್ಲರ ಹಿಂದೆ ಒಬ್ಬರು ಬಾಣ ಕೀಳುತ್ತ ಬರಬೇಕು. ಆ ಕೆಲಸಕ್ಕೆ ನಮ್ಮಲ್ಲಿ ಪೊರಕೆ ಎಂದೇ ಹೆಸರು.

ಪೊರಕೆಗೆ ಒಂದು ಕಟ್ಟುಪಾಡಿದೆ. ಪ್ರತಿ ಕವಲಿನಲ್ಲೂ ನಿಂತು ಮೂರು ಸಲ ಸೀಟಿ ಊದಬೇಕು, ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಕಾಯಬೇಕು, ಹಿಂದಿನಿಂದ ಉತ್ತರ ಬಾರದಿದ್ದರೆ ಬಾಣ ಕೀಳಬೇಕು. ಕೊನೆಗೆ ಯಾವುದಾದರೂ ಫಲಕ ಹಲಗೆಗೆ ಬಾರದೆ ಉಳಿದರೆ ಪೊರಕೆಯೇ ವಾಪಸು ಹೋಗಿ ಕೂಗಿ ನೋಡಬೇಕು. ಎಲ್ಲರೂ ಬೇಡವೆಂದ ಈ ಕೆಲಸವನ್ನು ಜೋಸಿಯಾನ್ ಇಷ್ಟಪಟ್ಟು ಮಾಡಿದಳು. ಮುಂದೆ ಹೋಗಿ ಗೆಲ್ಲುವ ಚಪಲ ಅವಳಿಗೆ ಎಂದೂ ಇರಲಿಲ್ಲ.

ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ಮಳೆ, ಮಂಜು ಎರಡೂ ಒಟ್ಟಿಗೆ ಇಳಿದವು. ಲುದೊವಿಕ್ ಎಂಬ ನೆವೆರ್ ಪಟ್ಟಣದ ಒಬ್ಬ ಸವಾರ, ಮನೆಗಳ ಚಾವಣಿಗೆ ಹಂಚು ಹೊದಿಸುವ ಕೆಲಸದವನು, ನಡುದಾರಿಯಲ್ಲಿ ಪಂಚರ್ ಆಗಿ ಹಳ್ಳಕ್ಕೆ ಇಳಿದ. ತೂತು ಎಲ್ಲಿದೆಯೆಂದು ನೋಡಲು ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ಕೂತ. ನೀರಿನ ಭೋರಿನಲ್ಲಿ ಮೇಲಿನ ದಾರಿಯ ಸೀಟಿ ಅವನಿಗೆ ಕೇಳಿಸಲಿಲ್ಲ. ಜೋಸಿಯಾನ್ ಊದಿದಳು, ಕಾದಳು, ಬಾಣ ಕಿತ್ತು ಮುಂದೆ ಹೋದಳು. ಅಲ್ಲಿಯವರೆಗೆ ಅವಳದೇನೂ ತಪ್ಪಿಲ್ಲ. ಅವನು ಪಂಚರ್ ಹಾಕಿ ಮೇಲೆ ಬಂದಾಗ ಮರಗಳ ಮೇಲೆ ಒಂದೂ ಬಾಣವಿರಲಿಲ್ಲ. ಕಲ್ಲಿನ ಶಿಲುಬೆಯ ಕವಲಿನಲ್ಲಿ ಮೂರು ದಾರಿ. ಅವುಗಳಲ್ಲಿ ಅಗಲವಾದದ್ದು ಮರದ ದಿಮ್ಮಿ ಎಳೆಯುವ ಯಂತ್ರಗಳು ಹೊಸದಾಗಿ ಮಾಡಿದ್ದು. ಯಾರಾದರೂ ಅದನ್ನೇ ಹಿಡಿಯುತ್ತಿದ್ದರು. ಅದು ಇನ್ನೂರು ಹೆಜ್ಜೆ ಇಳಿದು, ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲಿ ಇದ್ದಕ್ಕಿದ್ದಂತೆ ಮುಗಿಯುತ್ತದೆ.

ಸಂಜೆ ಐದಕ್ಕೆ ಹಲಗೆಯ ಮೇಲೆ ಒಂದು ಮೊಳೆ ಖಾಲಿ ಉಳಿಯಿತು. ಅದೇನು ಹೊಸದಲ್ಲ, ಪ್ರತಿ ವರ್ಷ ಯಾರೋ ಒಬ್ಬ ಫಲಕವನ್ನು ನೆನಪಿಗೆಂದು ಮನೆಗೊಯ್ಯುತ್ತಾನೆ. ಲುದೊವಿಕ್ ರೈಲಿನಲ್ಲಿ ಬಂದು ನಿಲ್ದಾಣದಿಂದ ಸೈಕಲ್ ತುಳಿದುಕೊಂಡು ಬಂದವನಾದ್ದರಿಂದ ಕಾರು ನಿಲ್ಲಿಸುವ ಬಯಲಿನಲ್ಲಿ ಅವನ ಗುರುತೇನೂ ಇರಲಿಲ್ಲ. ಆದರೂ ಸಂಘದ ಅಧ್ಯಕ್ಷ ರೆಜಿ ಪೊತೆ, ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಒಂದು ಸಲ ಶಿಲುಬೆಯ ಹತ್ತಿರ ಹೋಗಿ ಊದಿ ಬಾ ಎಂದು ಜೋಸಿಯಾನಳನ್ನು ಕಳಿಸಿದ. ಅವಳು ಆಗಲೇ ಒದ್ದೆ ಬೂಟು ಕಳಚಿ, ಒಲೆಯ ಪಕ್ಕದಲ್ಲಿ ಕಾಲು ಚಾಚಿ, ಈರುಳ್ಳಿ ಸೂಪಿನ ಬಟ್ಟಲು ಕೈಗೆತ್ತಿಕೊಂಡಿದ್ದಳು. ಗೊಣಗಿಕೊಂಡೇ ಎದ್ದಳು. ಗುಡ್ಡದ ಬುಡದವರೆಗೆ ಕಾರಿನಲ್ಲಿ ಹೋದಳು. ಅಲ್ಲಿಂದ ಶಿಲುಬೆಗೆ ಇಪ್ಪತ್ತು ನಿಮಿಷದ ಏರು. ಮಳೆ ಗಾಜಿಗೆ ಬಡಿಯುತ್ತಿತ್ತು. ಅವಳು ಕಾರಿನಿಂದ ಇಳಿಯಲಿಲ್ಲ. ಒಂದು ಸಿಗರೇಟು ಸೇದಿದಳು, ಕಾರು ತಿರುಗಿಸಿದಳು.

“ಹೋಗಿದ್ದೆ. ಮೂರು ಸಲ ಊದ್ದೆ. ಯಾರೂ ಇಲ್ಲ,” ಎಂದಳು ರೆಜಿಗೆ. ಹಳೆಯ ಚೀಟಿ ತುಂಬಿದಷ್ಟೇ ಸಲೀಸಾಗಿ ಆ ಮಾತು ಬಾಯಿಂದ ಬಂತು.

ರಾತ್ರಿಯಾದರೂ ಅವನು ಮನೆಗೆ ಬರಲಿಲ್ಲವೆಂದು ಹೆಂಡತಿ ದೂರು ಕೊಟ್ಟ ಮೇಲೆ, ಮರುದಿನ ಬೆಳಿಗ್ಗೆ ಪೊಲೀಸರು ಅವನ ಹೆಣವನ್ನು ಕ್ವಾರಿಯ ತಳದಲ್ಲಿ ಕಂಡರು. ತೊಡೆಯ ಮೂಳೆ ಮುರಿದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸಂಜೆ ಎಂಟರವರೆಗೂ ಜೀವ ಇದ್ದಿರಬೇಕು ಎಂದರು ವೈದ್ಯರು. ಪೊಲೀಸರು ಕೇಳಿದಾಗ ಜೋಸಿಯಾನ್ ಅದೇ ಮಾತನ್ನು ಮತ್ತೆ ಹೇಳಿದಳು. ಅವರು ಅದನ್ನು ಗಂಟೆಯ ಸಮೇತ ಬರೆದುಕೊಂಡರು. ಆಮೇಲೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಸದ್ದು ಶುರುವಾದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಜಾಡಿನ ಗುರುತುಗಳಿಗೆ ಬಣ್ಣ ಹಚ್ಚಲು ಒಬ್ಬಳೇ ಹೋಗಿದ್ದಳು. ಬೀಚ್ ಮರಗಳ ನಡುವಿನ ಇಳಿಜಾರಿನಲ್ಲಿ ಹಿಂದಿನಿಂದ ಫ್ರೀವೀಲ್ ಸದ್ದು ಬಂತು, ಟಿಕಿಟಿಕಿಟಿಕಿ ಎಂದು, ತುಳಿಯುವುದನ್ನು ಬಿಟ್ಟು ಸುಮ್ಮನೆ ಇಳಿಯುವ ಸೈಕಲ್ಲಿನಂತೆ. ದಾರಿ ಬಿಡೋಣವೆಂದು ಪಕ್ಕಕ್ಕೆ ಸರಿದಳು. ಸದ್ದು ಅವಳು ನಿಂತ ಒಂದು ಗಳಿಗೆಯ ಮೇಲೆ ನಿಂತಿತು. ಹಿಂದೆ ಯಾರೂ ಇರಲಿಲ್ಲ. ಅವಳು ಹೊರಟಳು, ಅದೂ ಹೊರಟಿತು. ಆ ಸದ್ದಿನಲ್ಲಿ ಒಂದು ಊನವಿತ್ತು. ಒಂದೊಂದು ಸುತ್ತಿಗೂ ಒಂದು ಟಿಕ್ ತಪ್ಪುತ್ತಿತ್ತು, ಹಲ್ಲು ಬಿದ್ದವರ ಮಾತಿನ ಹಾಗೆ.

ರೆಜಿಯ ಹತ್ತಿರ ತನ್ನ ಚಕ್ರವನ್ನು ಬಿಚ್ಚಿಸಿದಳು, ಗ್ರೀಸು ತುಂಬಿಸಿದಳು, ಕೊನೆಗೆ ಚಕ್ರದ ನಡುವಿಗೆ ಸದ್ದೇ ಮಾಡದ ಹೊಸ ಗುಂಬ ಹಾಕಿಸಿದಳು. ಅವಳ ಸೈಕಲ್ ಬೆಕ್ಕಿನಂತೆ ಮೌನವಾಯಿತು. ಹಿಂದಿನದು ಆಗಲಿಲ್ಲ. ಸುಟ್ಟ ಗಾಯಕ್ಕೆ ಊದಿ ಮಂತ್ರ ಹಾಕುವ ಮುದುಕಿಯೊಬ್ಬಳು ನಮ್ಮ ಪಕ್ಕದ ಹಳ್ಳಿಯಲ್ಲಿದ್ದಾಳೆ. ಆಸ್ಪತ್ರೆಯವರೂ ಗುಟ್ಟಾಗಿ ಅವಳ ಹತ್ತಿರ ಜನರನ್ನು ಕಳಿಸುತ್ತಾರೆಂದು ಹೇಳುತ್ತಾರೆ. ಜೋಸಿಯಾನ್ ಅಲ್ಲಿಗೂ ಹೋದಳು. ಮುದುಕಿ ಪೂರ್ತಿ ಕೇಳಿಸಿಕೊಂಡು, ತನ್ನದು ಸುಟ್ಟಗಾಯ, ಸರ್ಪಸುತ್ತು ಅಷ್ಟೇ, ಬೆನ್ನ ಹಿಂದಿನ ಸದ್ದಿಗೆ ತನ್ನಲ್ಲಿ ಮದ್ದಿಲ್ಲ, ಅದು ಬಾಯಿಂದಲೇ ಹೋಗಬೇಕು ಎಂದುಬಿಟ್ಟಳು. ಜೋಸಿಯಾನ್ ಒಂದು ಡಜನ್ ಮೊಟ್ಟೆ ಕೊಟ್ಟು ಬಂದಳು.

ಪೊರಕೆಯ ಕೆಲಸವನ್ನು ಮಾತ್ರ ಅವಳು ಬಿಡಲಿಲ್ಲ. ಮುಂದಿನ ಎರಡು ಸವಾರಿಗಳಲ್ಲಿ ಪ್ರತಿ ಕವಲಿನಲ್ಲೂ ಕಾಲು ಗಂಟೆ ನಿಂತಳು, ಕಾಡೆಲ್ಲ ಕಿವುಡಾಗುವಂತೆ ಊದಿದಳು. ಹಿಂದಿನ ಟಿಕಿಟಿಕಿ ನಿಂತಿದೆಯೇ ಎಂದು ಕಿವಿ ನಿಮಿರಿಸಿ ಕೇಳುತ್ತಿದ್ದಳು. ಅದು ಮರಗಳಾಚೆ ಎಲ್ಲೋ ನಿಂತು ತನ್ನನ್ನೂ ಹಾಗೇ ಕೇಳಿಸಿಕೊಳ್ಳುತ್ತಿದೆಯೆಂದು ಅನ್ನಿಸುತ್ತಿತ್ತು. ಯಾರೋ ಅಲ್ಲಿದ್ದಾನೆ, ಬಾಣ ಕಿತ್ತರೆ ಅವನಿಗೆ ದಾರಿ ತಪ್ಪುತ್ತದೆ ಎಂದು ಬಾಣಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸಭಾಂಗಣಕ್ಕೆ ಬರುವಾಗ ಮೇಜುಗಳನ್ನು ಮಡಚಿ ಆಗಿರುತ್ತಿತ್ತು.

“ನೀನು ಬರೋ ಹೊತ್ತಿಗೆ ಸೂಪಿಗೆ ಗಡ್ಡ ಬೆಳೆದಿರುತ್ತೆ ಕಣೆ ಜೋಸಿ,” ಎಂದು ರೆಜಿ ಕಿಚಾಯಿಸುತ್ತಿದ್ದ. ಆಗಿದ್ದು ಆಗಿಹೋಯಿತು, ಅವತ್ತು ನೀನು ವಾಪಸು ಹೋಗಿ ಊದಿ ಬಂದೆಯಲ್ಲ, ಅದಕ್ಕಿಂತ ಹೆಚ್ಚು ಯಾರು ಮಾಡುತ್ತಾರೆ ಎಂದು ಸಮಾಧಾನವನ್ನೂ ಹೇಳುತ್ತಿದ್ದ. ಅವನ ಗೇಲಿಯನ್ನು ಅವಳು ತಡೆದುಕೊಳ್ಳುತ್ತಿದ್ದಳು. ಆ ಸಮಾಧಾನದ ಮಾತನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದಳು.

ಈ ವರ್ಷದ ಮೇ ತಿಂಗಳ ಭಾನುವಾರ ಬೆಳಿಗ್ಗೆ ಅವಳು ಸಭಾಂಗಣದಲ್ಲಿ ಕಾಫಿ ಹಂಚುತ್ತಿದ್ದಾಗ ಬೆನ್ನ ಹಿಂದೆ ಅದೇ ಸದ್ದು ಬಂತು. ಹಾಡಹಗಲು, ಇನ್ನೂರು ಜನರ ನಡುವೆ, ಟಿಕಿಟಿಕಿ, ಒಂದು ತಪ್ಪಿ ಮತ್ತೆ ಟಿಕಿಟಿಕಿ. ಕೈಯಲ್ಲಿದ್ದ ಹೂಜಿ ಜಾರಿ ಕಾಫಿ ನೆಲದ ಪಾಲಾಯಿತು. ತಿರುಗಿ ನೋಡಿದರೆ, ಮೂವತ್ತೈದರ ಆಸುಪಾಸಿನ ತೆಳ್ಳಗಿನ ಹೆಂಗಸೊಬ್ಬಳು ತನ್ನ ಅಳತೆಗೆ ದೊಡ್ಡದಾದ ಕಿತ್ತಳೆ ಬಣ್ಣದ ಸೈಕಲ್ಲನ್ನು ತಳ್ಳಿಕೊಂಡು ಒಳಗೆ ಬರುತ್ತಿದ್ದಳು. ಅವಳು ಲುದೊವಿಕ್‌ನ ಹೆಂಡತಿ ಎಲೊದಿ. ಸೈಕಲ್ ಅವನದು. ಕ್ವಾರಿಯಿಂದ ಎತ್ತಿದ ಮೇಲೆ ಮುಂದಿನ ಚಕ್ರವನ್ನಷ್ಟೇ ಬದಲಿಸಿದ್ದಾಳಂತೆ, ಹಿಂದಿನದು ಹಾಗೇ ಇದೆಯಂತೆ.

ಆ ಚಕ್ರದ ಸದ್ದನ್ನು ಜೋಸಿಯಾನ್ ಮೊದಲು ಎಲ್ಲಿ ಕೇಳಿದ್ದಳು? ಮೂರು ವರ್ಷದ ಹಿಂದಿನ ಬೆಳಿಗ್ಗೆ ಮುನ್ನೂರು ಸೈಕಲ್ಲುಗಳ ನಡುವೆ ಅದೂ ಕಿವಿಗೆ ಬಿದ್ದಿರಬಹುದು. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ನಾನೂ ಹಾಗೇ ಹೇಳುತ್ತೇನೆ. ಅವಳೂ ನಂಬಲಿಲ್ಲ, ನಾನೂ ನಂಬುವುದಿಲ್ಲ.

ಎಲೊದಿ ಎಲ್ಲರ ಹಿಂದೆ, ಪೊರಕೆಯ ಜೊತೆಗೇ ಬರುತ್ತೇನೆಂದು ಕೇಳಿಕೊಂಡಳು. ರೆಜಿ ಟೋಪಿ ತೆಗೆದು ಒಪ್ಪಿದ. ಹೀಗೆ ಅವರಿಬ್ಬರೂ ಹತ್ತು ಗಂಟೆಗೆ ಕೊನೆಯವರಾಗಿ ಕಾಡು ಹೊಕ್ಕರು. ಎತ್ತರದ ಡಗ್ಲಸ್ ಫರ್ ಮರಗಳ ಕತ್ತಲೆಯಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ಜೋಸಿಯಾನ್ ಕವಲಿನಲ್ಲಿ ನಿಂತು ಊದಿದಳು, ಕಾದಳು, ಕಿತ್ತಳು. ಹಿಂದಿನಿಂದ ಆ ಸದ್ದು ಬರುತ್ತಲೇ ಇತ್ತು. ಒಂದೇ ವ್ಯತ್ಯಾಸ, ಈಗ ಅದರ ಮೇಲೊಬ್ಬಳು ಕೂತು ಏದುಸಿರು ಬಿಡುತ್ತಿದ್ದಳು. ಆದರೂ ಜೋಸಿಯಾನಳಿಗೆ ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ.

ಎಲೊದಿ ಅಷ್ಟೇನೂ ಮಾತುಗಾತಿಯಲ್ಲ. ಏರಿನಲ್ಲಿ ಇಳಿದು ಸೈಕಲ್ ತಳ್ಳುವಾಗ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಈ ಸವಾರಿಗೆಂದೇ ಎರಡು ವರ್ಷದಿಂದ ಸೈಕಲ್ ಕಲಿತಳಂತೆ, ಮೂರು ಸಲ ಮುಂಗೈ ತರಚಿಕೊಂಡಳಂತೆ. ಮಗಳಿಗೆ ಈಗ ಏಳು ವರ್ಷ, ಅಪ್ಪನ ಕೊನೆಯ ದಿನದ ಬಗ್ಗೆ ಬಿಡದೆ ಕೇಳುತ್ತಾಳಂತೆ.

ಹನ್ನೆರಡರ ಹೊತ್ತಿಗೆ ಶಿಲುಬೆ ಬಂತು. ಅಗಲದ ದಾರಿಗೆ ಈಗ ತಂತಿ ಕಟ್ಟಿದ್ದಾರೆ. ಎಲೊದಿ ಸೈಕಲ್ಲನ್ನು ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಶಿಲುಬೆಗೆ ಒರಗಿಸಿ, ಜೋಸಿಯಾನಳ ಕೆಸರಾದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತಾನೇ ಬಂದೆ, ಮದಾಮ್ ಕೊರ್ತೆ. ಪೊಲೀಸರ ಕಾಗದದಲ್ಲಿ ಓದಿದೆ. ಆರು ಗಂಟೆಗೆ ನೀವು ಇಲ್ಲಿ ನಿಂತು ಊದಿದ್ರಿ. ಅವನಿಗೆ ತಿರುಗಿ ಕೂಗೋಕೆ ಶಕ್ತಿ ಇರಲಿಲ್ವೇನೋ, ಆದ್ರೆ ಕೇಳಿಸಿರುತ್ತೆ. ಹುಡುಕ್ತಾ ಇದ್ದಾರೆ ಅಂತ ಗೊತ್ತಾಗಿರುತ್ತೆ. ನನ್ನ ಮಗಳಿಗೆ ದಿನಾ ಅದನ್ನೇ ಹೇಳಿ ಮಲಗಿಸ್ತೀನಿ.”

ಜೋಸಿಯಾನ್ ಹೌದೆಂದು ತಲೆ ಅಲ್ಲಾಡಿಸಿದರೆ ಸಾಕಿತ್ತು. ಮಗುವಿನ ನಿದ್ದೆ ಉಳಿಯುತ್ತಿತ್ತು, ತಾಯಿಯ ಸಮಾಧಾನ ಉಳಿಯುತ್ತಿತ್ತು, ತನ್ನ ಮಾನವೂ ಉಳಿಯುತ್ತಿತ್ತು. ಶಿಲುಬೆಗೆ ಒರಗಿದ ಸೈಕಲ್ಲಿನ ಹಿಂದಿನ ಚಕ್ರ ಇನ್ನೂ ನಿಧಾನವಾಗಿ ತಿರುಗುತ್ತಿತ್ತು, ಟಿಕ್ ಟಿಕ್ ಎನ್ನುತ್ತಿತ್ತು. ಯಾರೂ ಮುಟ್ಟದೆ ಅದು ಯಾಕೆ ಇಷ್ಟು ಹೊತ್ತು ತಿರುಗಬೇಕು ಎಂದು ಅವಳು ನೋಡುತ್ತ ನಿಂತಳು. ಅದು ನಿಲ್ಲಲಿಲ್ಲ.

“ನಾನು ಬರಲಿಲ್ಲ,” ಎಂದಳು. “ಕೆಳಗೆ ಕಾರಲ್ಲೇ ಕೂತಿದ್ದೆ. ಮಳೆ ಇತ್ತು. ಊದ್ಲೇ ಇಲ್ಲ. ಊದ್ದೆ ಅಂತ ಸುಳ್ಳು ಹೇಳ್ದೆ.”

ಎಲೊದಿ ಕೈ ಬಿಟ್ಟಳು. ತಂತಿಯ ಆಚೆ ಮಂಜಿನಲ್ಲಿ ಮುಗಿದುಹೋಗುವ ದಾರಿಯತ್ತ ತಿರುಗಿದಳು. ಅವಳು ಕೇಳಿದ್ದು ಬೇರೆಯೇ. ಇಲ್ಲಿ ಊದಿದರೆ ಅಲ್ಲಿ ಕೆಳಗೆ ಕೇಳಿಸುತ್ತದೆಯೇ ಎಂದಳು. ಜೋಸಿಯಾನ್ ಗೊತ್ತಿಲ್ಲವೆಂದಳು. ನಿಜವಾಗಿ ಗೊತ್ತಿರಲಿಲ್ಲ. ಮೂರು ವರ್ಷ ಕ್ವಾರಿಯ ಹತ್ತಿರವೂ ಸುಳಿದಿರಲಿಲ್ಲ. ಬಂಡೆಗಳು ಸದ್ದನ್ನು ನುಂಗುತ್ತವೆ ಎಂದು ಹಳಬರು ಹೇಳುತ್ತಾರೆ, ಅದನ್ನೇ ನೆಚ್ಚಿಕೊಂಡು ಎಷ್ಟೋ ಸಲ ಉಸಿರಾಡಿದ್ದಳು.

“ಸೀಟಿ ಕೊಡಿ ಇಲ್ಲಿ,” ಎಂದಳು ಎಲೊದಿ. “ನೀವು ಕೆಳಗೆ ಹೋಗಿ, ಅವನು ಬಿದ್ದಿದ್ದ ಜಾಗದಲ್ಲಿ ನಿಂತ್ಕೊಳ್ಳಿ. ಎಷ್ಟು ಸಲ ಊದ್ತೀನಿ ಅಂತ ಹೇಳಲ್ಲ. ಕೇಳಿಸಿದ್ರೆ ಮೇಲೆ ಬಂದು ಎಷ್ಟು ಅಂತ ಹೇಳಿ. ಕೇಳಿಸದೇ ಇದ್ರೆ, ನೀವು ಅವತ್ತು ಬಂದಿದ್ರೂ ಏನೂ ಆಗ್ತಿರಲಿಲ್ಲ. ಆಗ ನಾವಿಬ್ರೂ ಮನೆಗೆ ಹೋಗೋಣ.”

ಬದಿಯಲ್ಲಿ ಕಲ್ಲು ಒಡೆಯುವವರ ಹಳೆಯ ಕಾಲುದಾರಿಯಿದೆ. ಜೋಸಿಯಾನ್ ಜರಿಗಿಡಗಳನ್ನು ಹಿಡಿದುಕೊಂಡು ಇಳಿದಳು. ತಳದಲ್ಲಿ ಮೊಣಕಾಲೆತ್ತರದ ಹುಲ್ಲು, ಕಪ್ಪು ನೀರಿನ ಒಂದು ಹೊಂಡ, ಮೂರು ಕಡೆ ಒದ್ದೆ ಬಂಡೆ. ಯಾರೋ ನೆಟ್ಟಿದ್ದ ಮರದ ಸಣ್ಣ ಗೂಟದಿಂದ ಜಾಗ ಗೊತ್ತಾಯಿತು. ಅಲ್ಲಿ ನಿಂತು ಮೇಲೆ ನೋಡಿದರೆ ಮಂಜಿನ ಹೊರತು ಏನೂ ಕಾಣಲಿಲ್ಲ. ಅಲ್ಲಿ ಹಕ್ಕಿಯ ದನಿಯೂ ಇರಲಿಲ್ಲ. ಅವನು ಇದನ್ನೇ ನೋಡುತ್ತ ಮಲಗಿದ್ದ, ಎಂಟು ಗಂಟೆಯವರೆಗೆ. ತನ್ನ ಬೆನ್ನಿಗೆ ಯಾರೋ ತೀರಾ ಹತ್ತಿರ ನಿಂತು, ತಾನು ಕೇಳಿಸಿಕೊಳ್ಳುವುದನ್ನೇ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ತಿರುಗಲಿಲ್ಲ. ಕೇಳಿಸದಿರಲಿ ಎಂದು ದೇವರಿಗೆ ಹರಕೆ ಹೊತ್ತಳು; ವರ್ಷಗಳಿಂದ ಆ ದೇವರ ಜೊತೆ ಮಾತು ಬಿಟ್ಟಿದ್ದವಳು.

ಸೀಟಿ ಬಂತು. ಕಿವಿಯ ಪಕ್ಕದಲ್ಲೇ ಊದಿದಷ್ಟು ನಿಚ್ಚಳವಾಗಿ ಬಂತು. ಬಂಡೆಗಳು ಅದನ್ನು ನುಂಗಲಿಲ್ಲ, ಹಿಡಿದು ಎರಡು ಸಲ ತಿರುಗಿಸಿ ಕೊಟ್ಟವು. ಇನ್ನೊಂದು. ಮತ್ತೊಂದು. ಮುಗಿಯಿತು ಎಂದುಕೊಂಡಳು. ತುಂಬಾ ಹೊತ್ತಿನ ಮೇಲೆ ಇನ್ನೂ ಒಂದು ಬಂತು, ನಡುಗುತ್ತ, ಅರ್ಧಕ್ಕೇ ತುಂಡಾಯಿತು.

ಮೇಲೆ ಹತ್ತಲು ಅವಳಿಗೆ ಹೋಗುವಾಗಿನ ಮೂರು ಪಟ್ಟು ಹೊತ್ತು ಹಿಡಿಯಿತು. ಕಾಲು ಜಾರುವುದು ನೆಪ, ಹೇಳಬೇಕಾದ ಮಾತಿನ ಭಾರವೇ ಅಷ್ಟಿತ್ತು. ಕೇಳಿಸಲಿಲ್ಲ ಎಂಬ ಒಂದು ಮಾತಿಗೆ ಇಬ್ಬರೂ ಬದುಕಿಕೊಳ್ಳುತ್ತಾರೆ. ಸಾಕ್ಷಿಗೆ ಕಾಡಿನ ಹೊರತು ಯಾರೂ ಇಲ್ಲ. ಎಲೊದಿ ಸೀಟಿಯನ್ನು ಎದೆಗೆ ಒತ್ತಿಕೊಂಡು ತಂತಿಯ ಹತ್ತಿರವೇ ನಿಂತಿದ್ದಳು. ಜೋಸಿಯಾನ್ ಬಾಯಿ ತೆರೆಯುವ ಮೊದಲೇ ಎಲೊದಿಯ ತಲೆ ತಾನಾಗಿ ಬೇಡ, ಬೇಡ ಎಂಬಂತೆ ಅಲ್ಲಾಡತೊಡಗಿತ್ತು. ಕೇಳಿಸಲಿಲ್ಲ ಅನ್ನಿ ಎಂದು ಆ ಕಣ್ಣುಗಳು ಗೋಗರೆಯುತ್ತಿದ್ದವು.

“ನಾಲ್ಕು,” ಎಂದಳು ಜೋಸಿಯಾನ್. “ಕೊನೇದು ಅರ್ಧಕ್ಕೇ ನಿಂತುಹೋಯ್ತು.”

ಎಲೊದಿ ಶಿಲುಬೆಯ ಬುಡದಲ್ಲಿ ಕುಸಿದು ಕುಳಿತಳು.